ಸತ್ತವರ ಮನೆಯ ಪಾಠ

ಬೋಧಕರನ್ನು ತಯಾರು ಮಾಡುವ ಕೆಲಸಕ್ಕೆ ಬರುವವರು ಮೊದಲು ಕಲಿಯಬೇಕಾದದ್ದು ಗೊರಕೆಯ ಮೇಲೆ ಸಿಟ್ಟಾಗದಿರುವುದು. ನನ್ನ ತರಗತಿ ಶನಿವಾರ ಮಧ್ಯಾಹ್ನ ನಡೆಯುತ್ತಿತ್ತು. ಬರುತ್ತಿದ್ದವರು ಬೆಳಗಿನಿಂದ ಕಬ್ಬು ಕಡಿದವರು, ಇಟ್ಟಿಗೆ ಹೊತ್ತವರು, ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ನೇರವಾಗಿ ಬಸ್ಸು ಹತ್ತಿದವರು. ಗೋಕಾಕದ ಚರ್ಚಿನ ಪಡಸಾಲೆಯಲ್ಲಿ ಚಾಪೆ ಹಾಸಿ ಬೈಬಲಿನ ಪೌಲನ ಪತ್ರಿಕೆ ತೆರೆದರೆ ಸಾಕು, ಅರ್ಧ ಜನರ ಗದ್ದ ಎದೆಗೆ ತಾಗುತ್ತಿತ್ತು. ಹೊಸದರಲ್ಲಿ ನಾನು ಕರಿಹಲಗೆ ಬಡಿದು ಎಬ್ಬಿಸುತ್ತಿದ್ದೆ. ಒಂದು ಸಲ ಹುಕ್ಕೇರಿ ಕಡೆಯ ಹಿರಿಯರೊಬ್ಬರು ಕಣ್ಣು ತೆರೆಯದೆಯೇ ಹೇಳಿದರು: "ಮಾಸ್ತರ್ರ, ನೀವು ಹೇಳ್ಕೋತ ಹೋಗ್ರಿ. ಕಣ್ಣಷ್ಟ ಮಲಗ್ಯಾವು, ಕಿವಿ ಎಚ್ಚರ ಅದಾವು." ಅಂದಿನಿಂದ ನಾನು ಹಲಗೆ ಬಡಿಯುವುದನ್ನು ಬಿಟ್ಟೆ.

ಈ ಬೋಧಕರು ಯಾರೆಂದು ಹೊರಗಿನವರಿಗಾಗಿ ಹೇಳಿಬಿಡುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ನಮ್ಮ ಪ್ರೊಟೆಸ್ಟೆಂಟ್ ಸಭೆಯ ಮನೆಗಳು ಅಲ್ಲೊಂದು ಇಲ್ಲೊಂದು. ಒಬ್ಬ ಪಾಸ್ಟರಿಗೆ ಹತ್ತಾರು ಊರು. ತಿಂಗಳಿಗೊಮ್ಮೆ ಬಂದರೆ ಪುಣ್ಯ. ಉಳಿದ ಭಾನುವಾರಗಳಲ್ಲಿ ಆರಾಧನೆ ನಡೆಸುವವರು, ಜಡ್ಡಿಗೆ ಬಿದ್ದವರ ಮನೆಗೆ ಹೋಗಿ ಪ್ರಾರ್ಥನೆ ಮಾಡುವವರು, ಸತ್ತವರನ್ನು ಮಣ್ಣು ಮಾಡುವವರು ಊರಿನವರೇ ಆದ ಈ ಬೋಧಕರು. ಪಗಾರವಿಲ್ಲ. ಪ್ರಭುಭೋಜನದ ರೊಟ್ಟಿ ಕೊಡುವ ಅಧಿಕಾರವಿಲ್ಲ, ದೀಕ್ಷಾಸ್ನಾನ ಮಾಡಿಸುವ ಹಾಗಿಲ್ಲ, ಮದುವೆ ಮಾಡಿಸುವ ಹಾಗಿಲ್ಲ. ಸಂತೋಷದ ಕೆಲಸಗಳೆಲ್ಲ ಪಾಸ್ಟರಿಗೆ. ಸಾವು ಯಾರಿಗೂ ಕಾಯುವುದಿಲ್ಲವಾದ್ದರಿಂದ ಅದೊಂದು ಬೋಧಕನ ಪಾಲಿಗೆ ಬಂದಿದೆ.

ನಾನು ಮಮದಾಪುರದ ಕೂಲಿಯವರ ಮಗ. ಪಾಸ್ಟರ್ ಆಗಲಿಲ್ಲ, ಆಗುವ ಆಸೆಯೂ ಇರಲಿಲ್ಲ. ಸಭೆಯ ಮೇಲಿನವರು ನನ್ನನ್ನು ಈ ಬೋಧಕರಿಗೆ ಕಲಿಸಲು ಇಟ್ಟುಕೊಂಡರು, ನಿವೃತ್ತನಾಗುವವರೆಗೂ ಅಲ್ಲೇ ಇದ್ದೆ. ಈಗ ಅದೇ ಕೆಲಸಕ್ಕೆ ಹೊಸಬರು ಬರುತ್ತಿದ್ದಾರೆ. ಬಂದು ಕೇಳುತ್ತಾರೆ: "ಸರ್, ನಿಮ್ಮ ಅನುಭವ ಹೇಳ್ರಿ." ಹೇಳಿದರೆ ಕೆಲಸ ಬಿಟ್ಟು ಹೋದಾರೆಂಬ ಅಂಜಿಕೆಯಿಂದ ಚಹಾ ಕುಡಿಸಿ ಕಳಿಸುತ್ತಿದ್ದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೊದಲು ನಗುವಂಥದ್ದನ್ನೇ ಹೇಳುತ್ತೇನೆ. ಸುಣ್ಣದ ಕಡ್ಡಿಯ ಧೂಳಿಗೆ ನನ್ನ ಗಂಟಲು ಯಾವಾಗಲೂ ಒಣಗಿರುತ್ತಿತ್ತು. ಪ್ರಾರ್ಥನೆಯ ಕೊನೆಗೆ, ಆಮೆನ್ ಅನ್ನುವುದಕ್ಕೆ ಮುಂಚೆ, ಒಂದು ಸಲ ಕೆಮ್ಮುವುದು ರೂಢಿಯಾಗಿಬಿಟ್ಟಿತ್ತು. ನನಗೆ ಅದರ ಪರಿವೆಯೂ ಇರಲಿಲ್ಲ. ಹುಕ್ಕೇರಿ ಕಡೆಯ ಒಂದು ಹಳ್ಳಿಗೆ ಆರಾಧನೆ ನೋಡಲು ಹೋದಾಗ ನಮ್ಮ ಬೋಧಕ ಚಂದಾಗಿ ಪ್ರಾರ್ಥನೆ ಮಾಡಿದ, ಕೊನೆಗೆ ಗಂಭೀರವಾಗಿ ಕೆಮ್ಮಿದ. ಅವನ ಹಿಂದೆ ಇಡೀ ಸಭೆ, ಮುದುಕಿಯರು ಮಕ್ಕಳು ಸೇರಿ, ಒಟ್ಟಿಗೆ ಕೆಮ್ಮಿತು. ಆಮೇಲೆ ಆಮೆನ್. ಹೊರಗೆ ಬಂದು ಕೇಳಿದರೆ ಅವನಿಗೇ ಆಶ್ಚರ್ಯ: "ನೀವ ಕಲಿಸೀರಲ್ರಿ ಮಾಸ್ತರ್ರ? ದೇವರ ಮುಂದ ಆಮೆನ್ ಅನ್ನೂಕಿಂತ ಮೊದಲ ಗಂಟಲಾ ಹಸನ ಮಾಡ್ಕೋಬೇಕು ಅಂತ ನಾ ಎಲ್ಲಾರಿಗೂ ತಿಳಿಸಿ ಹೇಳೇನಿ." ನಾನು ಹೇಳಿದ ಪಾಠಗಳಲ್ಲಿ ಅಷ್ಟು ಗಟ್ಟಿಯಾಗಿ ನಿಂತದ್ದು ಇನ್ನೊಂದಿಲ್ಲ. ಆ ಊರಲ್ಲಿ ಈಗಲೂ ಕೆಮ್ಮುತ್ತಾರೆಂದು ಕೇಳಿದ್ದೇನೆ.

ಆಮೇಲೆ ಮೊಬೈಲು ಬಂತು. ಅಲ್ಲಿಯವರೆಗೆ ನಮ್ಮ ಬೋಧಕರು ತಮ್ಮ ಮಾತಿನಲ್ಲೇ ಪ್ರಸಂಗ, ಅಂದರೆ ಉಪದೇಶ, ಮಾಡುತ್ತಿದ್ದರು. ಯೇಸು ಬೆಸ್ತರನ್ನು ಕರೆದದ್ದು ನಮ್ಮ ಧುಪದಾಳದ ಒಡ್ಡಿನ ಮೇಲೆ ನಡೆದಂತೆ ಕೇಳಿಸುತ್ತಿತ್ತು. ಮೊಬೈಲಿನಲ್ಲಿ ದೂರದೂರದ ದೊಡ್ಡ ಬೋಧಕರು, ಅವರ ಬಾಜೂ ನಿಂತು ಅಷ್ಟೇ ಜೋರಾಗಿ ಕಿರುಚುವ ತರ್ಜುಮೆದಾರರು ಬಂದರು. ನಮ್ಮ ಹುಡುಗರು ತರ್ಜುಮೆದಾರನನ್ನೇ ಕಲಿತರು. ಮೆತ್ತಗೆ ಮಾತಾಡುವ ಒಬ್ಬ ದರ್ಜಿ, ನಮ್ಮ ಮಮದಾಪುರದವನೇ, ಒಂದು ಭಾನುವಾರ ಎದ್ದು ನಿಂತು ಕೈ ಬೀಸುತ್ತ, ಒಂದೊಂದು ಮಾತನ್ನೂ ಎರಡೆರಡು ಸಲ ಕೂಗಿ ಹೇಳತೊಡಗಿದ. ಒಬ್ಬನೇ ಇದ್ದ, ತರ್ಜುಮೆಗೆ ಯಾರೂ ಇರಲಿಲ್ಲ, ಆದರೂ ಒಂದು ವಾಕ್ಯ ಹೇಳಿ ನಿಂತು, ಇನ್ನೊಂದು ದನಿಯಲ್ಲಿ ಅದನ್ನೇ ಮತ್ತೆ ಹೇಳುತ್ತಿದ್ದ. ಅವನ ಸೋದರತ್ತೆ ನನ್ನ ಕಡೆ ಬಗ್ಗಿ ಕೇಳಿದಳು: "ಏನ್ರಿ, ನಮ್ಮ ಹುಡುಗಗ ಜ್ವರ ಬಂದು ತಲಿಗೆ ಏರೇತೇನು?" ಆ ದಿನ ಅವನಿಗೆ ತಿಳಿಸಿ ಹೇಳಿದೆ, ಅವನೂ ತಲೆಯಾಡಿಸಿದ. ಮುಂದಿನ ವಾರ ಹೋದರೆ ಕೈಗೆ ಮೈಕೂ ಬಂದಿತ್ತು.

ಮೇಲಿನವರ ಬಗ್ಗೆ ಬರೆಯದೆ ಇದು ಮುಗಿಯುವುದಿಲ್ಲ. ನನ್ನ ಮೊದಲ ಮೇಲಧಿಕಾರಿ ಹಳೆಯ ಕಾಲದವರು. ತರಗತಿಗೆ ಬಂದರೆ ಪಾಠದ ಬಗ್ಗೆ ಏನೂ ಕೇಳುತ್ತಿರಲಿಲ್ಲ. ಒಬ್ಬೊಬ್ಬನನ್ನೇ ನಿಲ್ಲಿಸಿ, "ನಿನ್ನ ಊರಾಗ ಈಗ ಯಾರು ಹಾಸಿಗಿ ಹಿಡದಾರ?" ಎಂದು ಕೇಳುವರು. ಗೊತ್ತಿಲ್ಲ ಅಂದವನಿಗೆ, "ಹಂಗಾರ ಇಲ್ಲಿ ಯಾಕ ಕುಂತಿ? ಹೋಗಿ ನೋಡ್ಕೊಂಡ ಬಾ" ಎಂದು ಬಸ್ಸಿಗೆ ಕಳಿಸುವರು. ಅವರ ತರುವಾಯ ಬಂದವರು ನಿರ್ದೇಶಕರೆಂದು ಕರೆಸಿಕೊಂಡರು. ಓದಿದವರು, ಹೇಳಿದ ಹೊತ್ತಿಗೆ ಬರುವವರು, ಕೆಟ್ಟವರೇನಲ್ಲ. ಬೋಧಕರಿಗೆ ಅಚ್ಚು ಹಾಕಿಸಿದ ಕೈಪಿಡಿ, ಪರೀಕ್ಷೆ, ಅಂಕ ತಂದರು. ಅದರಲ್ಲಿ ಒಳ್ಳೆಯದೂ ಇತ್ತು. ಮನಬಂದಂತೆ ಭವಿಷ್ಯ ನುಡಿಯುವವರಿಗೆ, ಔಷಧ ಬಿಡಿಸಿ ಪ್ರಾರ್ಥನೆ ಮಾತ್ರ ಮಾಡಿಸುವವರಿಗೆ ಅವರು ಹಾಕಿದ ಲಗಾಮನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಆದರೆ ಆ ಕೈಪಿಡಿಯಲ್ಲಿ ಸತ್ತವರ ಮನೆಯ ಪಾಠವೊಂದಿತ್ತು. ಶವದ ಮುಂದೆ ಹಾಡ್ಯಾಡಿ ಅಳುವುದನ್ನು ಬೋಧಕ ನಿಲ್ಲಿಸಬೇಕು, ಕೂಡಲೇ ಕೀರ್ತನೆ ಎತ್ತಿಸಬೇಕು, ಪುನರುತ್ಥಾನದ ಭರವಸೆ ಇರುವವರು ಹಾಗೆ ಅಳಬಾರದು ಎಂದು.

ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಸತ್ತವನ ಹೆಸರು ಹಿಡಿದು, ಅವನು ಉಂಡದ್ದು, ಉಟ್ಟದ್ದು, ಜಗಳಾಡಿದ್ದು, ಕೊಟ್ಟ ಮಾತು, ಮುರಿದ ಮಾತು ಎಲ್ಲವನ್ನೂ ರಾಗಕ್ಕೆ ಹಚ್ಚಿ ಹೇಳಿಕೊಂಡು ಅಳುತ್ತಾರೆ. ಒಬ್ಬಳು ನಿಲ್ಲಿಸಿದಲ್ಲಿ ಇನ್ನೊಬ್ಬಳು ಹಿಡಿಯುತ್ತಾಳೆ. ಜಾತಿ ಮತ ಯಾವುದಿದ್ದರೂ ಊರಲ್ಲಿ ಇದು ಒಂದೇ. ಯಾರೂ ಕೂಡಿಸಿ ಕಲಿಸುವ ವಿದ್ಯೆಯಲ್ಲ. ಹುಡುಗಿಯರು ತಾಯಂದಿರ ಬಾಜೂ ಕುಳಿತು ಕೇಳಿ ಕೇಳಿ ಅದು ಬರುವುದು.

ಬಾಳಪ್ಪನ ಕಥೆ ಇಲ್ಲಿಂದ ಶುರುವಾಗುತ್ತದೆ. ಮೂಡಲಗಿ ಹತ್ತಿರ ತುಕ್ಕಾನಟ್ಟಿ ಕಡೆಯ ಒಂದು ಸಣ್ಣ ಊರಿನ ಗೌಂಡಿ ಅವನು, ಗೋಡೆ ಕಟ್ಟುವವನು. ಬೋಧಕನಾಗಿ ಅವನಷ್ಟು ದಡ್ಡ ಶಿಷ್ಯ ನನಗೆ ಸಿಗಲಿಲ್ಲ. ವಚನ ಓದಿ ಮುಗಿಸಿದ ಮೇಲೆ ಏನು ಹೇಳಬೇಕೆಂದು ಮರೆತು, "ಇಷ್ಟ ನೋಡ್ರಿ, ಛಲೋ ಐತಿ, ಎಲ್ಲಾರೂ ಹಂಗ ನಡೀರಿ" ಎಂದು ಕೂತುಬಿಡುತ್ತಿದ್ದ. ಅವನ ಪ್ರಸಂಗದ ದಿನ, ಇವನಿಗೆ ಕಲಿಸಿದವನು ಯಾರೆಂದು ಯಾರಾದರೂ ಕೇಳಿಯಾರು ಅಂತ ನಾನು ಹಿಂದಿನ ಸಾಲಿನಲ್ಲಿ ಮುದುಡಿ ಕೂಡುತ್ತಿದ್ದೆ. ಪರೀಕ್ಷೆಯನ್ನೂ ಹೇಗೋ ದಾಟಿದ. ಊರಿನವರಿಗೆ ಮಾತ್ರ ಅವನೇ ಬೇಕಾಗಿತ್ತು. ಕಾರಣ, ಸತ್ತವರ ಮನೆಗೆ ಹೋದರೆ ಬಾಳಪ್ಪ ಬಾಯಿ ತೆರೆಯುತ್ತಿರಲಿಲ್ಲ. ಪುಸ್ತಕ ಮಡಿಲಲ್ಲಿಟ್ಟುಕೊಂಡು ನೆಲಕ್ಕೆ ಕೂತು, ಹೆಂಗಸರ ಅಳು ತಾನಾಗಿ ಇಳಿಯುವವರೆಗೂ ಕೇಳುತ್ತಿದ್ದ. ಆಮೇಲೆಯೇ ಎದ್ದು ಪ್ರಾರ್ಥನೆ. "ಅವರು ಮೊದಲ ಮಾತಾಡ್ಲಿ ಬಿಡ್ರಿ ಮಾಸ್ತರ್ರ," ಅನ್ನುತ್ತಿದ್ದ, "ಮನಿ ಅವರದು, ಹೆಣಾ ಅವರದು. ನಾವು ಆಮ್ಯಾಲ ಬಂದಾವರು." ಅವನ ತಾಯಿ ಹಾಡ್ಯಾಡಿ ಅಳುವುದರಲ್ಲಿ ಸುತ್ತಲಿನ ಊರುಗಳಿಗೆ ಹೆಸರಾದವಳಂತೆ, ಅದನ್ನು ಕೇಳುತ್ತಲೇ ಬೆಳೆದವನು.

ಆ ಊರಿನ ಸತ್ಯವ್ವ ಗಂಡ ಸತ್ತ ಹೆಂಗಸು, ಕೂಲಿ ಮಾಡಿ ಮಗನನ್ನು ಬೆಳೆಸಿದ್ದಳು. ಮಗ ದಾವೀದ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಕಾಲುವೆ ದಂಡೆಯ ದಾರಿಯಲ್ಲಿ ತುಂಬಿದ ಟ್ರ್ಯಾಕ್ಟರ್ ಮಗುಚಿ ಅದರ ಕೆಳಗೆ ಸಿಕ್ಕು ಸತ್ತ. ಸುದ್ದಿ ಕೇಳಿ ನಾನು ಗೋಕಾಕದಿಂದ ಹೋದೆ. ಹುಕ್ಕೇರಿ ಕಡೆಯಿಂದ ಹೊಸದಾಗಿ ಬಂದ ತರುಣ ಪಾಸ್ಟರ್ ಒಬ್ಬರು ಆ ದಿನ ಮೂಡಲಗಿಯಲ್ಲಿದ್ದರು, ಅವರೂ ಬಂದರು. ಅಂಗಳದಲ್ಲಿ ಹೆಣ, ಸುತ್ತ ಹೆಂಗಸರು, ತಲೆಯ ಹತ್ತಿರ ಸತ್ಯವ್ವ. ಬಾಳಪ್ಪ ಎಂದಿನಂತೆ ನೆಲಕ್ಕೆ ಕೂತಿದ್ದ.

"ಬುತ್ತಿ ಬಿಟ್ಟ ಹೋದಿಯೋ ನನ ಮಗನ, ಯಾವ ಊರಾಗ ಉಣತೀಯೋ... ಹೊಸಾ ಅಂಗಿ ಹಬ್ಬಕ್ಕ ಅಂದಿ, ಹಬ್ಬ ಎಲ್ಲಿ ಮಾಡತೀಯೋ..." ಎಂದು ಅವಳು ಹಾಡುತ್ತಿದ್ದಳು. ಮಗನನ್ನು ಬೈದಳು, ಟ್ರ್ಯಾಕ್ಟರನ್ನು ಬೈದಳು, ತನ್ನ ಹೊಟ್ಟೆಯನ್ನು ಬೈದಳು. ಆಮೇಲೆ ತಲೆಯೆತ್ತಿ ಅದೇ ರಾಗದಲ್ಲಿ ಹೇಳಿದಳು: "ಯೇಸಪ್ಪಾ, ನಿಮ್ಮವ್ವಗ ಮೂರ ದಿನಕ್ಕ ಮಗಾ ತಿರಗಿ ಬಂದಾ. ನನ ಮಗನ್ನ ಯಾವಾಗ ಕಳಸ್ತೀಯೋ, ದಿನಾ ಹೇಳೋ."

ಅಷ್ಟು ನೇರವಾದ ಪ್ರಾರ್ಥನೆಯನ್ನು ನಾನು ಯಾವ ಚರ್ಚಿನಲ್ಲೂ ಕೇಳಿರಲಿಲ್ಲ. ಪಾಸ್ಟರ್ "ಸಾಕು, ಸಾಕು, ಕೀರ್ತನೆ ಎತ್ತಿರಿ" ಎಂದು ಮುಂದೆ ಬಂದರು. ಬಾಳಪ್ಪ ಕೂತಲ್ಲಿಂದಲೇ ಅವರ ಕೈ ಹಿಡಿದುಕೊಂಡ.

"ಸ್ವಲ್ಪ ತಡೀರಿ ಪಾಸ್ಟರ್. ಆಕಿ ಇನ್ನೂ ಮಾತಾಡಾಕತ್ತಾಳ."

"ದೇವದೂಷಣೆ ಮಾಡಾಕತ್ತಾಳ!"

"ಮಾಡ್ಲಿ ಬಿಡ್ರಿ. ಅಂವಾ ಕೇಳಾಕತ್ತಾನ."

ಪಾಸ್ಟರ್ ಕೈ ಕೊಸರಿಕೊಂಡು ಹೊರಗೆ ಹೋಗಿ ನಿಂತರು. ಸತ್ಯವ್ವ ತನಗೆ ಸಾಕಾಗುವಷ್ಟು ಅತ್ತಳು. ದನಿ ಬಿದ್ದ ಮೇಲೆ ತಾನೇ ಬಾಳಪ್ಪನ ಕಡೆ ತಿರುಗಿ, "ಇನ್ನ ನೀ ಓದಪಾ" ಅಂದಳು. ಅವನು ತಡವರಿಸುತ್ತ ಓದಿದ. ದಾವೀದನನ್ನು ಮಣ್ಣು ಮಾಡಿದೆವು.

ದೂರು ಹೋಯಿತು. ಬಾಳಪ್ಪನನ್ನು ಗೋಕಾಕಕ್ಕೆ ಕರೆಸಿದರು. ಚರ್ಚಿನ ಹಿಂದಿನ ಕೋಣೆಯಲ್ಲಿ ನಿರ್ದೇಶಕರು, ಆ ಪಾಸ್ಟರ್, ನಾನು. ಅವನು ತೊಳೆದ ಅಂಗಿ ತೊಟ್ಟು ಬಂದಿದ್ದ, ಉಗುರಿನಲ್ಲಿ ಸಿಮೆಂಟು ಹಾಗೇ ಇತ್ತು. ಅವನನ್ನು ಉಳಿಸಿಕೊಳ್ಳಬೇಕೆಂದು ನಾನು ಹಟ ಹಿಡಿದೇ ಕೂತಿದ್ದೆ. ಗೆಳೆಯ ಲಾಜರನ ಸಮಾಧಿಯ ಮುಂದೆ ಯೇಸುವೇ ಅತ್ತನಲ್ಲ ಎಂದೆ. ಅವನು ಶಿಲುಬೆ ಹೊತ್ತು ನಡೆದಾಗ ಎದೆ ಬಡಿದುಕೊಂಡು ಅತ್ತ ಹೆಂಗಸರ ಬಾಯನ್ನು ಯಾರೂ ಮುಚ್ಚಿಸಲಿಲ್ಲವಲ್ಲ ಎಂದೆ. ಕೀರ್ತನೆಗಳ ಪುಸ್ತಕದಲ್ಲಿ ಅರ್ಧಕ್ಕರ್ಧ ಇಂಥ ಅಳುವೇ ಇದೆಯಲ್ಲ ಎಂದೆ.

ನಿರ್ದೇಶಕರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಮಾಸ್ತರ್, ನಾನೂ ಹಳ್ಳ್ಯಾಗ ಹುಟ್ಟಿದಾಂವ. ನಮ್ಮಪ್ಪ ಸತ್ತಾಗ ನಮ್ಮವ್ವ ಹಿಂಗ ಹಾಡ್ಯಾಡಿ ಅತ್ತು ಹಾಸಿಗಿ ಹಿಡದಳು. ಮತ್ತ ಏಳಲಿಲ್ಲ. ಯಾರರೆ ಆ ದಿನ ಆಕೀ ಬಾಯಿಗೆ ಒಂದು ಭರವಸೆದ ಹಾಡ ಕೊಟ್ಟಿದ್ರ ನನ್ನವ್ವ ಉಳೀತಿದ್ಲು ಅಂತ ನಾ ಇವತ್ತಿಗೂ ನಂಬೇನಿ," ಅಂದರು. ಅವರು ಬಾಳಪ್ಪನ ಕಡೆ ತಿರುಗಿದರು.

"ಇನ್ನ ಮುಂದ ಹಂಗ ಮಾಡಗೊಡೂದಿಲ್ಲ ಅಂತ ಒಂದ ಮಾತು ಹೇಳು ಬಾಳಪ್ಪ. ಬೋಧಕ ಆಗೇ ಮುಂದುವರಿ."

ಬಾಳಪ್ಪ ಉಗುರಿನ ಸಿಮೆಂಟು ಕೆರೆಯತೊಡಗಿದ. ಬೋಧಕನೆಂಬ ಹೆಸರು ಅವನಿಗೆ ಸಣ್ಣದಾಗಿರಲಿಲ್ಲ. ಕೂಲಿಯವರ ಕೇರಿಯಲ್ಲಿ ಅವನಿಗೆ ಯಾರಾದರೂ ರೀ ಹಚ್ಚಿ ಮಾತಾಡುತ್ತಿದ್ದರೆ ಆ ಒಂದು ಕಾರಣಕ್ಕೆ. "ಪ್ರಸಂಗ ಬರಂಗಿಲ್ಲ ಅಂತ ತಗದ ಹಾಕ್ರಿ ಸಾಹೇಬ್ರ, ಖರೆ ಐತಿ, ನನಗ ಬರಂಗಿಲ್ಲ," ಅಂದ. "ಆದ್ರ ಹಡೆದಾಕಿ ಬಾಯಿ ಮುಚ್ಚೂದು ನನ್ನ ಕೈಲೆ ಆಗಂಗಿಲ್ರಿ."

ತೆಗೆದು ಹಾಕಿದರು. ಕೈಪಿಡಿಯ ಆ ಪಾಠವನ್ನು ನಾನು ತರಗತಿಯಲ್ಲಿ ಮಾಡಲಾರೆ ಎಂದೆ. ಅದಕ್ಕೂ ಅವರು ಸಿಟ್ಟಾಗಲಿಲ್ಲ. ಅದೊಂದನ್ನು ಕಲಿಸಲು ಬೇರೊಬ್ಬರನ್ನು ಕಳಿಸತೊಡಗಿದರು. ಆ ಹೊತ್ತಿನಲ್ಲಿ ನಾನು ಹೊರಗೆ ಹೋಗಿ ಚಹಾ ಕುಡಿದು ಬರುತ್ತಿದ್ದೆ. ಬೋಧಕರು ಆ ಪಾಠವನ್ನು ಉಳಿದೆಲ್ಲ ಪಾಠಗಳಿಗಿಂತ ಬೇಗ ಕಲಿತರು. ಬಾಯಿ ಮುಚ್ಚಿಸುವುದು ಕಲಿಯಲು ಸುಲಭ.

ವರ್ಷಗಳು ಹೋದಂತೆ ಹಾಡಿನ ಪೆಟ್ಟಿಗೆ ಬಂತು. ಮೊಬೈಲಿಗೆ ಜೋಡಿಸಿ ಹೆಣದ ಬಾಜೂ ಇಟ್ಟರೆ ವಾದ್ಯ ಸಮೇತ ಕೀರ್ತನೆ ತಾನೇ ನಡೆಯುತ್ತದೆ, ಜೊತೆಗೆ ಬಾಯಿ ಆಡಿಸಿದರಾಯಿತು. ಮಣ್ಣು ಮಾಡುವುದು ಬೇಗ ಮುಗಿಯತೊಡಗಿತು. ಬಾಳಪ್ಪನ ಊರಿನ ಬಸ್ ನಿಲ್ದಾಣದ ಹತ್ತಿರ ಚಹಾದಂಗಡಿ ಇಟ್ಟಿದ್ದ ಇಮಾಮಸಾಬ ನನ್ನನ್ನು ಒಂದು ಸಲ ಕೇಳಿದ: "ಏನ್ರಿ ಮಾಸ್ತರ್, ನಿಮ್ಮಾವ್ರು ಸತ್ರ ಈಗ ಊರಿಗೆ ಗೊತ್ತ ಆಗೂದಿಲ್ಲಲ್ರಿ. ಮೊದಲ ಅಳೂದ ಕೇಳಿ ನಾವೆಲ್ಲಾ ಓಡಿ ಬರ್ತಿದ್ವಿ. ಮೊನ್ನೆ ಸತ್ಯವ್ವ ಹೋದ ದಿನ ಹಾಡ ಕೇಳಿ, ಯಾರದೋ ಬರ್ತಡೇ ಐತಿ ಅಂತ ಸುಮ್ಮ ಕುಂತ್ವಿ." ಅವನು ಚೇಷ್ಟೆಗೆ ಹೇಳಲಿಲ್ಲ. ಮಣ್ಣಿಗೆ ಬರಲಿಲ್ಲವೆಂದು ಅವನಿಗೆ ನಿಜವಾಗಿಯೂ ಕೆಡುಕೆನಿಸಿತ್ತು. ಸತ್ಯವ್ವ ಸತ್ತದ್ದು ನನಗೂ ಅವನಿಂದಲೇ ತಿಳಿದದ್ದು.

ಬಾಳಪ್ಪ ಸಭೆ ಬಿಡಲಿಲ್ಲ. ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂಡುತ್ತಿದ್ದ. ಯಾರಾದರೂ ಸತ್ತರೆ ಗೋರಿ ಕಟ್ಟಲು ಅವನೇ ಬೇಕಾಗುತ್ತಿತ್ತು. ನಾನು ಹೋದಾಗ ಮಾತಾಡಿಸಿದರೆ ನಗುತ್ತಿದ್ದ. "ಬೋಧನಾ ಕಸ್ಗೊಂಡ್ರ ಏನಾತ್ರಿ, ಕೈಯಾಗ ಗಾರಿ ಹಚ್ಚೂ ಕರಣಿ ಐತೆಲ್ಲ." ನಗುವಾಗ ನನ್ನ ಮುಖ ನೋಡುತ್ತಿರಲಿಲ್ಲ. ರೀ ಹಚ್ಚುತ್ತಿದ್ದವರು ಮೆಲ್ಲಗೆ ಬಿಟ್ಟಿದ್ದರು.

ನಾನು ನಿವೃತ್ತನಾದ ಮೇಲೆ, ಹೋದ ಬೇಸಗೆಯಲ್ಲಿ, ಬಾಳಪ್ಪ ಸತ್ತ. ಕೆಲಸದ ಮೇಲಿದ್ದಾಗಲೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲವಂತೆ. ಹೆಂಡತಿ ಮೊದಲೇ ಹೋಗಿದ್ದಳು. ಇದ್ದವಳು ಒಬ್ಬಳೇ ಮಗಳು ರೂತವ್ವ, ಗಂಡನ ಮನೆಯಿಂದ ಬಂದಿದ್ದಳು. ನಾನು ಹೋದಾಗ ಅಂಗಳದಲ್ಲಿ ಪೆಟ್ಟಿಗೆ ಹಾಡುತ್ತಿತ್ತು. ಅದರ ಬಾಜೂ ಈಗಿನ ಬೋಧಕ ಸುನೀಲ ನಿಂತಿದ್ದ. ನನ್ನ ಕೈಯಲ್ಲೇ ಕಲಿತವನು, ಒಳ್ಳೆಯವನು. ಎಲ್ಲ ಅಚ್ಚುಕಟ್ಟಾಗಿತ್ತು. ಹೆಂಗಸರು ಸಾಲಾಗಿ ಕೂತು ತುಟಿ ಆಡಿಸುತ್ತಿದ್ದರು. ರೂತವ್ವ ಅಪ್ಪನ ತಲೆಯ ಹತ್ತಿರ ಕೂತಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಬಾಯಿ ಬಿಗಿದು ಹಿಂದೆ ಮುಂದೆ ತೂಗುತ್ತಿದ್ದಳು, ಉಸಿರು ಸಿಗದವರ ಹಾಗೆ.

ನನಗೆ ತಡೆಯಲಾಗಲಿಲ್ಲ. ಈಗ ನನ್ನನ್ನು ಕೇಳುವ ಮೇಲಿನವರಾದರೂ ಯಾರಿದ್ದರು? ಸುನೀಲನ ಹತ್ತಿರ ಹೋಗಿ, "ಪೆಟಗಿ ಬಂದ್ ಮಾಡಪಾ" ಅಂದೆ.

"ಸರ್, ಇನ್ನೊಂದು ಚರಣ..."

"ಬಂದ್ ಮಾಡು."

ಮಾಡಿದ. ನಾನು ರೂತವ್ವನ ಎದುರು ನೆಲಕ್ಕೆ ಕೂತೆ. "ಯವ್ವಾ ರೂತವ್ವ, ಯಾರೂ ಏನೂ ಅನ್ನೂದಿಲ್ಲ. ನಿಮ್ಮಪ್ಪಗ ಏನೇನ ಹೇಳೂದೈತಿ ಎಲ್ಲಾ ಹೇಳವ್ವಾ. ಹಾಡ್ಯಾಡಿ ಅಳು."

ಅವಳು ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಕೈ ಅವನ ಎದೆಯ ಮೇಲಿಟ್ಟಳು. "ಅಪ್ಪಾ..." ಎಂದು ಎತ್ತಿದಳು. "ಅಪ್ಪಾ, ನನ್ನಪ್ಪಾ..." ಮತ್ತೆ ಎತ್ತಿದಳು. ಅಷ್ಟಕ್ಕೇ ನಿಂತಿತು. ಬಾಜೂ ಕೂತವರ ಕಡೆ ತಿರುಗಿದಳು, ಯಾರಾದರೂ ಹಿಡಿದಾರೇನೋ ಎಂದು. ಅವಳ ವಯಸ್ಸಿನವರೇ ಎಲ್ಲ, ಹಾಡ್ಯಾಡಿ ಅಳಬಲ್ಲ ಮುದುಕಿಯರು ಸತ್ಯವ್ವನ ಹಾಗೆ ಹೋಗಿಬಿಟ್ಟಿದ್ದರು. ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು.

"ಮಾಸ್ತರ್ರ," ಅಂದಳು ರೂತವ್ವ, "ಮುಂದ ನನಗ ಬರಂಗಿಲ್ರಿ. ಯಾರೂ ಕಲಿಸಿಲ್ಲ."

ನಾನು ಎದ್ದು, ಪೆಟ್ಟಿಗೆಯ ಹಾಡು ಮತ್ತೆ ಹಚ್ಚಲು ಸುನೀಲನಿಗೆ ಹೇಳಿದೆ.